ಮದ್ದುಗುಂಡಿನ ಪೆಟ್ಟಿಗೆಯ ಮೇಲೆ ಮೇರಿ ಮಾತೆ: ಇಂದಿನ ಉಕ್ರೇನಿನ ಐಕಾನ್ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನ್ ಅಂದರೆ ನಮಗೆ ಈಗ ಯುದ್ಧದ ಸುದ್ದಿ. ಅದಕ್ಕೂ ಮೊದಲು ನಮ್ಮ ಹುಡುಗರು ಮೆಡಿಕಲ್ ಓದಲು ಹೋಗುವ ದೇಶ. ಅಲ್ಲಿ ಸಾವಿರ ವರ್ಷ ಹಳೆಯ ಒಂದು ಚಿತ್ರಕಲೆ ಇದೆ, ಇವತ್ತಿಗೂ ಹೊಸ ಹುಡುಗ ಹುಡುಗಿಯರು ಅದನ್ನು ಕಲಿತು ಬರೆಯುತ್ತಿದ್ದಾರೆ ಎಂದಾಗಲೆಲ್ಲ ಗೆಳೆಯರು ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಅವೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಐಕಾನ್ ಅಂದರೆ ಏನು? ಫೋನಿನಲ್ಲಿ ಒತ್ತುತ್ತೀವಲ್ಲ, ಆ ಐಕಾನಾ?

ಪದ ಅದೇ. ಗ್ರೀಕ್ ಭಾಷೆಯಲ್ಲಿ ಅದಕ್ಕೆ 'ಬಿಂಬ', 'ಪ್ರತಿಮೆ' ಎಂಬ ಅರ್ಥ. ಪೂರ್ವದ ಕ್ರೈಸ್ತರಲ್ಲಿ, ಅಂದರೆ ಆರ್ಥೊಡಾಕ್ಸ್ ಮತ್ತು ಗ್ರೀಕ್ ಕ್ಯಾಥೊಲಿಕ್ (ಪೂರ್ವದ ಪದ್ಧತಿ ಉಳಿಸಿಕೊಂಡೇ ಪೋಪರನ್ನು ಒಪ್ಪುವ) ಸಭೆಗಳಲ್ಲಿ, ಐಕಾನ್ ಅಂದರೆ ಯೇಸು, ಮೇರಿ ಮಾತೆ, ಸಂತರು, ದೇವದೂತರ ಪವಿತ್ರ ಚಿತ್ರ. ಸಾಮಾನ್ಯವಾಗಿ ಮರದ ಹಲಗೆಯ ಮೇಲೆ ಬರೆದಿರುತ್ತಾರೆ. ಅದರ ಮುಂದೆ ದೀಪ ಹಚ್ಚುತ್ತಾರೆ, ತಲೆ ಬಾಗುತ್ತಾರೆ, ಮುತ್ತಿಡುತ್ತಾರೆ.

ಹಾಗಾದರೆ ಚಿತ್ರಕ್ಕೇ ಪೂಜೆಯಾ ಅಂತ ಕೇಳಬಹುದು. ಈ ಜಗಳ ಬಹಳ ಹಳೆಯದು. ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ರಾಜಧಾನಿಯಾಗಿದ್ದ ಬೈಜಾಂಟಿಯನ್ ಸಾಮ್ರಾಜ್ಯದಲ್ಲಿ ಇದೇ ಕಾರಣಕ್ಕೆ ಚಿತ್ರಗಳನ್ನು ಒಡೆದರು, ಸುಟ್ಟರು. ಕೊನೆಗೆ 787ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆ ಒಂದು ತೀರ್ಮಾನ ಕೊಟ್ಟಿತು. ಚಿತ್ರಕ್ಕೆ ಸಲ್ಲಿಸುವ ಗೌರವ ಚಿತ್ರದಲ್ಲಿ ಇರುವವರಿಗೆ ಹೋಗಿ ಮುಟ್ಟುತ್ತದೆ, ಬಣ್ಣಕ್ಕೋ ಹಲಗೆಗೋ ಅಲ್ಲ ಎಂದು. ನಮ್ಮೂರಿನಲ್ಲಿ ಮೂರ್ತಿಪೂಜೆಯ ಬಗ್ಗೆ ನಡೆಯುವ ವಾದ ಕೇಳಿದವರಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ.

ಕ್ಯಾಲೆಂಡರಿನಲ್ಲಿ ಬರುವ ಯೇಸುವಿನ ಚಿತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕ್ಯಾಲೆಂಡರ್ ಚಿತ್ರ ನಿಜವಾದ ಮನುಷ್ಯನನ್ನು ಎದುರು ಕೂರಿಸಿ ಬರೆದ ಹಾಗಿರುತ್ತದೆ. ಕೆನ್ನೆ ಕೆಂಪು, ಕಣ್ಣಲ್ಲಿ ನೀರು, ಒಂದು ಕಡೆಯಿಂದ ಬೆಳಕು, ಇನ್ನೊಂದು ಕಡೆ ನೆರಳು. ಐಕಾನಿನಲ್ಲಿ ನೆರಳೇ ಬೀಳುವುದಿಲ್ಲ. ಬೆಳಕು ಹೊರಗಿಂದ ಬರುವುದಿಲ್ಲ, ಮುಖದ ಒಳಗಿಂದಲೇ ಬಂದಂತಿರುತ್ತದೆ. ಹಿಂದಿನ ಬಂಗಾರದ ಬಯಲು ಆಕಾಶವೂ ಅಲ್ಲ, ಗೋಡೆಯೂ ಅಲ್ಲ. ಕುರ್ಚಿ, ಮೇಜು ಹಿಂದೆ ಹೋದ ಹಾಗೆ ಕಿರಿದಾಗುವ ಬದಲು ಅಗಲವಾಗುತ್ತವೆ. ಬರೆಯಲು ಬರದೆ ಹೀಗೆ ಮಾಡಿದ್ದಲ್ಲ. ಗೆರೆಗಳು ದೂರದಲ್ಲಿ ಎಲ್ಲೋ ಸೇರುವ ಬದಲು ನೋಡುವವನ ಕಡೆಗೇ ಬಂದು ಸೇರುತ್ತವೆ. ನೀವು ಚಿತ್ರವನ್ನು ನೋಡುತ್ತಿದ್ದೀರಿ ಅಂದುಕೊಂಡಿರುತ್ತೀರಿ, ಅದು ನಿಮ್ಮನ್ನು ನೋಡುತ್ತಿರುತ್ತದೆ.

ಉಕ್ರೇನಿಗೆ ಇದು ಯಾವಾಗ ಬಂತು?

988ರಲ್ಲಿ ಕೀವ್‌ನ ರಾಜ ವೊಲೊದಿಮಿರ್ ಬೈಜಾಂಟಿಯಂನಿಂದ ಕ್ರೈಸ್ತ ಧರ್ಮ ತಂದ. ಧರ್ಮದ ಜೊತೆ ಗ್ರೀಕ್ ಕುಶಲಕರ್ಮಿಗಳೂ ಬಂದರು. 11ನೇ ಶತಮಾನದಲ್ಲಿ ಕೀವ್‌ನಲ್ಲಿ ಸಂತ ಸೋಫಿಯಾ ಕೆಥೆಡ್ರಲ್ ಎದ್ದಿತು. ಅದರ ಒಳಗೆ ಬಲಿಪೀಠದ ಮೇಲಿನ ಅರ್ಧ ಗುಮ್ಮಟದಲ್ಲಿ ಇರುವ ಮೇರಿ ಮಾತೆಯ ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ) ಇಡೀ ಉಕ್ರೇನಿನ ಕಣ್ಣಲ್ಲಿ ಕೂತಿರುವ ಚಿತ್ರ. ಸುಮಾರು ಐದೂವರೆ ಮೀಟರ್ ಎತ್ತರ. ಎರಡೂ ಕೈ ಎತ್ತಿ ಪ್ರಾರ್ಥಿಸುತ್ತ ನಿಂತಿದ್ದಾಳೆ. ಹೀಗೆ ಕೈ ಎತ್ತಿ ನಿಂತವಳನ್ನು 'ಒರಾಂತಾ' ಅನ್ನುತ್ತಾರೆ. ಜನ ಇಟ್ಟ ಹೆಸರು ಬೇರೆ: 'ಒಡೆಯಲಾಗದ ಗೋಡೆ'. ಈ ಗೋಡೆ ನಿಂತಿರುವ ತನಕ ಕೀವ್ ನಿಂತಿರುತ್ತದೆ ಎಂಬುದು ಊರಿನ ನಂಬಿಕೆ.

ಆಕೆಯ ಸೊಂಟಕ್ಕೆ ಒಂದು ಬಿಳಿ ಕರವಸ್ತ್ರ ಸಿಕ್ಕಿಸಿದೆ. ಅಳುವವರ ಕಣ್ಣೊರೆಸುವುದಕ್ಕೆ ಅಂತ ಹೇಳುತ್ತಾರೆ. ಅಷ್ಟು ದೊಡ್ಡ ಬಂಗಾರದ ಗುಮ್ಮಟದಲ್ಲಿ ನನಗೆ ನೆನಪಲ್ಲಿ ಉಳಿದದ್ದು ಆ ಕರವಸ್ತ್ರ ಮಾತ್ರ.

ಇವೆಲ್ಲ ರಷ್ಯನ್ ಐಕಾನ್ ಅಲ್ವಾ?

ಈ ಪ್ರಶ್ನೆ ಕೇಳಿದರೆ ಉಕ್ರೇನಿನವರು ಒಂದು ನಿಟ್ಟುಸಿರು ಬಿಟ್ಟು ಮಾತು ಶುರು ಮಾಡುತ್ತಾರೆ. 'ರಷ್ಯಾದ' ಐಕಾನ್ ಎಂದು ಜಗತ್ತಿಗೆಲ್ಲ ಗೊತ್ತಿರುವ ವ್ಲಾದಿಮಿರ್ ಮಾತೆಯ ಚಿತ್ರವನ್ನೇ ತೆಗೆದುಕೊಳ್ಳಿ. 12ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬರೆದದ್ದು. ಅಲ್ಲಿಂದ ಬಂದದ್ದು ಕೀವ್ ಪಕ್ಕದ ವಿಶ್‌ಹೊರೊದ್ ಪಟ್ಟಣಕ್ಕೆ. 1155ರಲ್ಲಿ ರಾಜಕುಮಾರ ಆಂಡ್ರೆಯ್ ಬೊಗೊಲ್ಯುಬ್‌ಸ್ಕಿ ಅದನ್ನು ಎತ್ತಿಕೊಂಡು ಉತ್ತರದ ವ್ಲಾದಿಮಿರ್ ಊರಿಗೆ ಹೋದ. 1169ರಲ್ಲಿ ಅವನದೇ ಸೈನ್ಯ ಕೀವ್ ನಗರವನ್ನು ಲೂಟಿ ಮಾಡಿತು. ಐಕಾನ್ ಈಗ ಮಾಸ್ಕೋದಲ್ಲಿದೆ. ಉಕ್ರೇನಿನವರು ಅದನ್ನು ಇವತ್ತಿಗೂ 'ವಿಶ್‌ಹೊರೊದ್ ಮಾತೆ' ಎಂದೇ ಕರೆಯುತ್ತಾರೆ.

ಬೇರು ಒಂದೇ ಆದರೂ ಉಕ್ರೇನಿನ ಐಕಾನ್ ಬೇರೆ ದಾರಿ ಹಿಡಿದು ಬೆಳೆಯಿತು. ಪಶ್ಚಿಮದ ಹಾಲಿಚ್ ಸೀಮೆ ಮತ್ತು ಕಾರ್ಪೇಥಿಯನ್ ಬೆಟ್ಟಗಳ ಹಳ್ಳಿ ಚರ್ಚುಗಳಲ್ಲಿ ಗಟ್ಟಿ ಗೆರೆ, ಚಪ್ಪಟೆ ಬಣ್ಣದ ಚಿತ್ರಗಳು ಬಂದವು. ಪಶ್ಚಿಮ ಉಕ್ರೇನಿನ ಲ್ವಿವ್ ನಗರದ ಮ್ಯೂಸಿಯಂನಲ್ಲಿ 14ನೇ ಶತಮಾನದ ಒಂದು ಸಂತ ಜಾರ್ಜ್ ಇದೆ, ಸ್ತಾನಿಲ್ಯಾ ಹಳ್ಳಿಯದು. ನಾವು ನೋಡಿದ ಎಲ್ಲ ಜಾರ್ಜ್‌ಗಳೂ ಬಿಳಿ ಕುದುರೆ ಮೇಲಿದ್ದರೆ ಇವನದು ಕಪ್ಪು ಕುದುರೆ. ಇನ್ನು 17–18ನೇ ಶತಮಾನದಲ್ಲಿ, ಕೊಸಾಕ್ ಎಂಬ ಯೋಧರ ಕಾಲದಲ್ಲಿ, ಅಲಂಕಾರ ತುಂಬಿದ ಬರೋಕ್ ಶೈಲಿಯ ಹೂಬಳ್ಳಿ, ಉಬ್ಬು ಕೆತ್ತನೆಯ ಬಂಗಾರ ಎಲ್ಲ ಬಂತು.

ಆ ಕಾಲದ 'ಪೊಕ್ರೋವಾ' ಚಿತ್ರಗಳನ್ನು ಬಿಡಬಾರದು. ಪೊಕ್ರೋವಾ ಅಂದರೆ ಹೊದಿಕೆ, ಆಸರೆ. ಮೇರಿ ಮಾತೆ ತನ್ನ ಸೆರಗನ್ನು ಜನರ ಮೇಲೆ ಹರಡಿ ಕಾಯುತ್ತಾಳೆ ಎಂಬ ಕಲ್ಪನೆ. ಕಥೆ ಕಾನ್‌ಸ್ಟಾಂಟಿನೋಪಲ್‌ನದು. ಆದರೆ ಉಕ್ರೇನಿನ ಚಿತ್ರಕಾರರು ಸೆರಗಿನ ಕೆಳಗೆ ತಮ್ಮವರನ್ನೇ ನಿಲ್ಲಿಸಿದರು. ದೆಶ್ಕಿ ಹಳ್ಳಿಯಿಂದ ಬಂದ ಒಂದು ಐಕಾನಿನಲ್ಲಿ ಕೊಸಾಕ್ ನಾಯಕ ಬೊಹ್ದಾನ್ ಖ್ಮೆಲ್ನಿಟ್ಸ್‌ಕಿಯೇ ನಿಂತಿದ್ದಾನೆ. ಪವಿತ್ರ ಚಿತ್ರದೊಳಕ್ಕೆ ತಮ್ಮ ಕಾಲದ ಮನುಷ್ಯರನ್ನು ಕರೆದು ನಿಲ್ಲಿಸುವ ಈ ಅಭ್ಯಾಸ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಸೋವಿಯತ್ ಕಾಲದಲ್ಲಿ ಏನಾಯಿತು?

ಅದಕ್ಕೂ ಸ್ವಲ್ಪ ಹಿಂದಿನಿಂದ ಹೇಳಬೇಕು. ಮಿಖಾಯ್ಲೊ ಬೊಯ್ಚುಕ್ ಎಂಬ ಕಲಾವಿದ, ಹುಟ್ಟಿದ್ದು 1882ರಲ್ಲಿ, ತೆರ್ನೋಪಿಲ್ ಸೀಮೆಯ ಹಳ್ಳಿಯಲ್ಲಿ. ಪ್ಯಾರಿಸ್‌ಗೆ ಹೋದ. ಅಲ್ಲಿ ಎಲ್ಲರೂ ಹೊಸದಕ್ಕೆ ಬಿದ್ದಿದ್ದಾಗ ಈತ ಬೈಜಾಂಟಿಯನ್ ಕಲೆಯನ್ನು ಮತ್ತೆ ಬದುಕಿಸಬೇಕು ಅಂದ. ಐಕಾನಿನ ಗೆರೆ, ಲಯ, ನಿಶ್ಚಲತೆ ತೆಗೆದುಕೊಂಡು ಅದರಲ್ಲಿ ರೈತರು, ತಾಯಂದಿರು, ಸೇಬಿನ ಮರಗಳನ್ನು ಇಟ್ಟರೆ ಹೇಗೆ? ಇದು ಅವನ ಯೋಚನೆ. 1917ರಲ್ಲಿ ಕೀವ್‌ನಲ್ಲಿ ಉಕ್ರೇನಿನ ಕಲಾ ಅಕಾಡೆಮಿ ಶುರುವಾದಾಗ ಅದರ ಸ್ಥಾಪಕರಲ್ಲಿ ಒಬ್ಬನಾದ. ಶಿಷ್ಯರ ದಂಡೇ ಬೆಳೆಯಿತು. ಅವರಿಗೆ 'ಬೊಯ್ಚುಕಿಸ್ಟರು' ಎಂದೇ ಹೆಸರು ಬಿತ್ತು.

1937ರ ಜುಲೈ 13ರಂದು ಸೋವಿಯತ್ ಆಡಳಿತದವರು ಅವನನ್ನು ಕೀವ್‌ನಲ್ಲಿ ಗುಂಡಿಟ್ಟು ಕೊಂದರು. ಶಿಷ್ಯರಾದ ಇವಾನ್ ಪದಾಲ್ಕಾ ಮತ್ತು ವಸಿಲ್ ಸೆದ್ಲ್ಯಾರ್ ಅವರನ್ನೂ ಅದೇ ದಿನ. ಅದೇ ವರ್ಷದ ಡಿಸೆಂಬರಿನಲ್ಲಿ ಹೆಂಡತಿ ಸೋಫಿಯಾ ನಲೆಪಿನ್‌ಸ್ಕಾ ಅವರನ್ನೂ ಕೊಂದರು, ಆಕೆಯೂ ಕಲಾವಿದೆ. ಅವರೆಲ್ಲ ಸೇರಿ ಗೋಡೆಗಳ ಮೇಲೆ ಬರೆದ ದೊಡ್ಡ ಚಿತ್ರಗಳನ್ನು ಅಳಿಸಿ ಹಾಕಿದರು. 1952ರಲ್ಲಿ ಲ್ವಿವ್ ಮ್ಯೂಸಿಯಂನಲ್ಲಿ ಬೀಗ ಹಾಕಿಟ್ಟಿದ್ದ ಬೊಯ್ಚುಕ್ ಕೃತಿಗಳನ್ನೂ ಹುಡುಕಿ ನಾಶ ಮಾಡಿದರು. ಸತ್ತು ಹದಿನೈದು ವರ್ಷವಾದ ಮನುಷ್ಯನ ಚಿತ್ರಗಳಿಗೂ ಅಷ್ಟು ಹೆದರಿದ್ದರು.

ಚರ್ಚುಗಳ ಕಥೆಯೂ ಅದೇ. ಕೀವ್‌ನ ಸಂತ ಮೈಕೇಲರ ಬಂಗಾರದ ಗುಮ್ಮಟದ ಕೆಥೆಡ್ರಲನ್ನು 1930ರ ದಶಕದಲ್ಲಿ ಸಿಡಿಸಿ ಉರುಳಿಸಿದರು. ಅದರ 12ನೇ ಶತಮಾನದ ಮೊಸಾಯಿಕ್‌ಗಳಲ್ಲಿ ಕೆಲವನ್ನು ಮೊದಲೇ ಬಿಡಿಸಿಟ್ಟಿದ್ದರು. ಅದರಲ್ಲೊಂದು, ಸಂತ ದಿಮಿತ್ರಿಯ ಮೊಸಾಯಿಕ್, ಮಾಸ್ಕೋಗೆ ಹೋಗಿ ಅಲ್ಲೇ ಉಳಿಯಿತು. ಈಗ ನಾವು ನೋಡುವ ನೀಲಿ ಗೋಡೆಯ ಕೆಥೆಡ್ರಲ್ 1990ರ ದಶಕದ ಕೊನೆಯಲ್ಲಿ ಮರುಕಟ್ಟಿದ್ದು. ಪಶ್ಚಿಮ ಉಕ್ರೇನಿನ ಗ್ರೀಕ್ ಕ್ಯಾಥೊಲಿಕ್ ಸಭೆಯನ್ನು 1946ರಲ್ಲಿ ನಿಷೇಧಿಸಿದರು. 1989ರ ತನಕ ಅದು ಕದ್ದುಮುಚ್ಚಿ ಮನೆಗಳ ಒಳಗೇ ಬದುಕಿತು.

ಈಗ ಇಂಥ ಚಿತ್ರ ಬರೆಯುವವರು ಯಾರು? ಎಲ್ಲರೂ ಲ್ವಿವ್ ಲ್ವಿವ್ ಅನ್ನುತ್ತಾರೆ, ಯಾಕೆ?

ಲ್ವಿವ್‌ನಲ್ಲಿ ಮೂರು ಅನುಕೂಲಗಳು ಕೂಡಿ ಬಂದವು. ಒಂದು, 1905ರಲ್ಲಿ ಗ್ರೀಕ್ ಕ್ಯಾಥೊಲಿಕ್ ಸಭೆಯ ಮುಖ್ಯಸ್ಥ (ಮೆಟ್ರೊಪಾಲಿಟನ್) ಆಂಡ್ರೆಯ್ ಶೆಪ್ಟಿಟ್ಸ್‌ಕಿ ಕಟ್ಟಿದ ಮ್ಯೂಸಿಯಂ. ಹಳ್ಳಿ ಚರ್ಚುಗಳ ಅಟ್ಟದಲ್ಲಿ ಹುಳ ಹಿಡಿಯುತ್ತಿದ್ದ ಹಳೆಯ ಐಕಾನ್‌ಗಳನ್ನು ಹುಡುಕಿ ತಂದು ಕೂಡಿಟ್ಟ ಜಾಗ ಅದು. ಎರಡು, ಉಕ್ರೇನಿಗೆ ಸ್ವಾತಂತ್ರ್ಯ ಬಂದ ಮೇಲೆ ಲ್ವಿವ್ ರಾಷ್ಟ್ರೀಯ ಕಲಾ ಅಕಾಡೆಮಿಯಲ್ಲಿ ಪವಿತ್ರ ಕಲೆಗೆಂದೇ ಶುರುವಾದ ವಿಭಾಗ. ರೋಮನ್ ವಸಿಲಿಕ್ ಎಂಬ ಕಲಾವಿದರು ಅದನ್ನು ಬೆಳೆಸಿದರು. ಮೂರು, 2010ರಲ್ಲಿ ಅರ್ಮೇನಿಯನ್ ಬೀದಿಯಲ್ಲಿ ಬಾಗಿಲು ತೆರೆದ 'ಐಕಾನಾರ್ಟ್' ಗ್ಯಾಲರಿ. ಹಳೆಯದನ್ನು ನೋಡಲು ಒಂದು ಮನೆ, ಕಲಿಯಲು ಒಂದು ಶಾಲೆ, ತೋರಿಸಲು ಒಂದು ಗೋಡೆ. ಬೇರೆ ಊರುಗಳಲ್ಲಿ ಇವು ಮೂರೂ ಒಟ್ಟಿಗೆ ಸಿಗುವುದು ಕಷ್ಟ.

ಹೆಸರು ಹೇಳಬೇಕೆಂದರೆ ಲ್ಯೂಬಾ ಯಾಟ್ಸ್‌ಕಿವ್, ಇವಾಂಕಾ ಡೆಮ್ಚುಕ್, ನತಾಲಿಯಾ ರುಸೆಟ್ಸ್‌ಕಾ, ಉಲ್ಯಾನಾ ತೊಮ್ಕೆವಿಚ್, ಡಾನಿಲೊ ಮೊವ್ಚಾನ್, ಇವಾಂಕಾ ಕ್ರಿಪ್ಯಾಕೆವಿಚ್-ಡಿಮಿದ್. ಹೆಂಗಸರ ಹೆಸರೇ ಜಾಸ್ತಿ ಇದೆ, ಗಮನಿಸಿದಿರಾ? ಐಕಾನ್ ಅಂದರೆ ಗಡ್ಡ ಬಿಟ್ಟ ಮುದುಕ ಸನ್ಯಾಸಿ ಮಠದ ಕತ್ತಲಲ್ಲಿ ಕೂತು ಬರೆಯುವುದು ಅಂತ ಕಲ್ಪಿಸಿಕೊಂಡವರು ಲ್ವಿವ್‌ನ ಸ್ಟುಡಿಯೋಗಳನ್ನು ಕಂಡರೆ ಬೆರಗಾಗುತ್ತಾರೆ.

ಇವರ ಪೈಕಿ ಯಾಟ್ಸ್‌ಕಿವ್ ಅವರದು ಬಿರುಸಿನ ಕೈ. ಬಟ್ಟೆಯ ನೆರಿಗೆಗಳು ಗಾಳಿಗೆ ಸಿಕ್ಕ ಹಾಗೆ ಮುರಿಯುತ್ತವೆ, ಬಣ್ಣ ತುಂಬಿ ತುಳುಕುತ್ತದೆ. ಡೆಮ್ಚುಕ್ ಅವರದು ತದ್ವಿರುದ್ಧ. ಸುಣ್ಣದ ಗೋಡೆಯಂಥ ಬಿಳಿ ಬಯಲು, ಅದರಲ್ಲಿ ಪುಟ್ಟ ಪುಟ್ಟ ಆಕೃತಿಗಳು, ಅಲ್ಲೊಂದು ಇಲ್ಲೊಂದು ಬಣ್ಣ. ರುಸೆಟ್ಸ್‌ಕಾ ಚಿಕ್ಕ ಹಲಗೆಗಳ ಮೇಲೆ ಲೆಕ್ಕ ಹಾಕಿದಷ್ಟೇ ಗೆರೆ ಎಳೆಯುತ್ತಾರೆ. ನನ್ನ ಇಷ್ಟ ಕೇಳಿದರೆ ರುಸೆಟ್ಸ್‌ಕಾ. ಒಂದು ಗೆರೆ ತೆಗೆದರೂ ಚಿತ್ರ ಬಿದ್ದುಹೋಗುತ್ತದೆ ಅನ್ನುವ ಹಾಗಿರುತ್ತದೆ.

ಲ್ವಿವ್ ಬಿಟ್ಟರೆ ಬೇರೆಲ್ಲೂ ಇಲ್ಲ ಅಂತಲ್ಲ. ಅಮೂರ್ತ ಚಿತ್ರಗಳಿಗೆ, ಕಣ್ಣು ಕುಕ್ಕುವ ಬಣ್ಣಗಳಿಗೆ ಹೆಸರಾದ ಅನಾತೊಲಿ ಕ್ರಿವೊಲಾಪ್ ಅವರು ಇಹೋರ್ ಸ್ತುಪಾಚೆಂಕೊ ಜೊತೆ ಸೇರಿ ಕೀವ್ ಬಳಿಯ ಲಿಪಿವ್ಕಾ ಹಳ್ಳಿಯ ಚರ್ಚಿನ ಒಳಗೋಡೆಗಳನ್ನು ಬರೆದಿದ್ದಾರೆ. ಹಳ್ಳಿ ಚರ್ಚಿನೊಳಗೆ ಆ ಕೆಂಪು, ಆ ನೀಲಿ!

ಇವನ್ನು ಮಾಡುವುದು ಹೇಗೆ?

ಒಣಗಿದ ಹಲಗೆ ಬೇಕು, ಹೆಚ್ಚಾಗಿ ಲಿಂಡನ್ ಮರದ್ದು. ಹಲಗೆ ಬಾಗದಿರಲಿ ಅಂತ ಹಿಂಬದಿಗೆ ಅಡ್ಡ ಪಟ್ಟಿ ಕೂರಿಸುತ್ತಾರೆ. ಮುಂದೆ ತೆಳು ನಾರುಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿ ಮತ್ತು ಪ್ರಾಣಿಯ ಅಂಟು ಕಲಸಿದ ಲೇಪವನ್ನು ಪದರ ಪದರವಾಗಿ ಬಳಿಯುತ್ತಾರೆ. ಈ ಲೇಪಕ್ಕೆ 'ಲೆವ್ಕಾಸ್' ಎಂದು ಹೆಸರು. ಒಣಗಿದ ಮೇಲೆ ಉಜ್ಜಿ ದಂತದ ಹಾಗೆ ನುಣುಪು ಮಾಡುತ್ತಾರೆ. ಬಂಗಾರದ ರೇಕು ಕೂರಿಸುವ ಕಡೆ ಮೊದಲು ಕೆಮ್ಮಣ್ಣಿನ ಲೇಪ. ಬಣ್ಣದ ಪುಡಿಯನ್ನು ಕಲಸುವುದು ಮೊಟ್ಟೆಯ ಹಳದಿಯಲ್ಲಿ. ಕೆಡದಿರಲಿ ಅಂತ ಸ್ವಲ್ಪ ವಿನೆಗರ್ ಅಥವಾ ವೈನ್. ಗಾಢ ಬಣ್ಣದಿಂದ ಶುರು ಮಾಡಿ ತಿಳಿ ಬಣ್ಣಕ್ಕೆ ಬರುತ್ತಾರೆ. ಬೆಳಕು ಕೊನೆಗೆ ಬರುತ್ತದೆ.

ಬೆಟ್ಟದ ಹುತ್ಸುಲ್ ಜನರಲ್ಲಿ ಇನ್ನೊಂದು ದಾರಿ ಇತ್ತು. 19ನೇ ಶತಮಾನದಲ್ಲಿ ಅವರು ಗಾಜಿನ ಹಿಂಬದಿಗೆ ಐಕಾನ್ ಬರೆಯುತ್ತಿದ್ದರು. ಇಲ್ಲಿ ಎಲ್ಲ ಉಲ್ಟಾ. ಕಣ್ಣಿನ ಗೊಂಬೆ ಮೊದಲು, ಕೆನ್ನೆ ಆಮೇಲೆ. ಇವತ್ತಿನ ಕಲಾವಿದರಲ್ಲೂ ಕೆಲವರು ಗಾಜು ಹಿಡಿದಿದ್ದಾರೆ.

ಐಕಾನನ್ನು 'ಬಿಡಿಸುವುದಿಲ್ಲ, ಬರೆಯುತ್ತಾರೆ' ಅನ್ನುವುದು ನಿಜವಾ?

ಇದು ತುಂಬ ಆಳವಾದ ಮಾತು ಅಂತ ಎಲ್ಲ ಕಡೆ ಓಡಾಡುತ್ತಿದೆ. ಉಕ್ರೇನಿಯನ್ ಭಾಷೆಯಲ್ಲಿ ಅಕ್ಷರ ಬರೆಯುವುದಕ್ಕೂ ಬಣ್ಣದ ಚಿತ್ರ ಬರೆಯುವುದಕ್ಕೂ ಒಂದೇ ಕ್ರಿಯಾಪದ, 'ಪಿಸಾತಿ'. ಹೂಕುಂಡದ ಚಿತ್ರವನ್ನೂ ಅವರು 'ಬರೆಯುತ್ತಾರೆ'. ನಾವು ಕನ್ನಡದಲ್ಲಿ ಚಿತ್ರ ಬರೆಯುವುದಿಲ್ಲವಾ? ಹಾಗೇ.

ಇವು ನೋಡಲು ಮಾಡರ್ನ್ ಆರ್ಟ್ ಥರ ಇವೆ. ಚರ್ಚ್ ಒಪ್ಪುತ್ತದಾ?

ಕೆಲವನ್ನು ಒಪ್ಪುತ್ತದೆ, ಕೆಲವನ್ನು ಇಲ್ಲ. ಐಕಾನಿಗೆ ಕಟ್ಟುಪಾಡು ಇದೆ. ಯಾರು ಯಾವ ಬಣ್ಣ ಉಡಬೇಕು, ಕೈ ಹೇಗಿರಬೇಕು, ಹೆಸರಿನ ಅಕ್ಷರ ಎಲ್ಲಿರಬೇಕು ಎಂಬುದೆಲ್ಲ ನಿಂತುಬಿಟ್ಟಿದೆ. ಆದರೆ ಈ ಕಟ್ಟುಪಾಡು ಪಡಿಯಚ್ಚಲ್ಲ. ರಾಗ ಇದ್ದ ಹಾಗೆ. ಸ್ವರ ಬಿಡುವಂತಿಲ್ಲ, ಆದರೆ ಹಾಡುವವರ ಗಂಟಲು ಬೇರೆ ಬೇರೆ. ಲ್ವಿವ್ ಕಲಾವಿದರ ಕೆಲವು ಚಿತ್ರ ಗ್ಯಾಲರಿಯ ಗೋಡೆಗೆ ಹೋಗುತ್ತವೆ, ಕೆಲವು ಚರ್ಚಿನೊಳಗೆ ಹೋಗಿ ಆಶೀರ್ವಾದ ಪಡೆದು ಪ್ರಾರ್ಥನೆಗೆ ನಿಲ್ಲುತ್ತವೆ. ಗ್ರೀಕ್ ಕ್ಯಾಥೊಲಿಕ್ ಸಭೆ ಈ ವಿಷಯದಲ್ಲಿ ಸ್ವಲ್ಪ ಧಾರಾಳ. ಹಳ್ಳಿಯ ಭಕ್ತರಿಗೆ ಇವತ್ತಿಗೂ ಗುಲಾಬಿ ಕೆನ್ನೆಯ ಕ್ಯಾಲೆಂಡರ್ ಯೇಸುವೇ ಇಷ್ಟ. ಬಿಳಿ ಬಯಲಿನ ಐಕಾನ್ ತಂದು ತೋರಿಸಿದರೆ 'ಇನ್ನೂ ಮುಗಿದಿಲ್ವಾ?' ಅಂತ ಕೇಳಿಯಾರು.

ಮದ್ದುಗುಂಡಿನ ಪೆಟ್ಟಿಗೆ ಮೇಲೆ ಐಕಾನ್ ಬರೆಯುತ್ತಾರಂತೆ, ಹೌದಾ?

ಹೌದು. ಕೀವ್‌ನ ಗಂಡ ಹೆಂಡತಿ ಒಲೆಕ್ಸಾಂಡ್ರ್ ಕ್ಲಿಮೆಂಕೊ ಮತ್ತು ಸೋಫಿಯಾ ಅಟ್ಲಾಂಟೊವಾ. ಪೂರ್ವದ ದೊನ್ಬಾಸ್‌ನಲ್ಲಿ 2014ರಲ್ಲಿ ಯುದ್ಧ ಶುರುವಾಯಿತು. ಒಂದು ದಿನ ಕ್ಲಿಮೆಂಕೊ ಸೈನಿಕರ ನೆಲೆಯಲ್ಲಿ ಖಾಲಿ ಮದ್ದುಗುಂಡಿನ ಪೆಟ್ಟಿಗೆಗಳನ್ನು ಕಂಡರು. ಮುಚ್ಚಳವನ್ನು ತಿರುಗಿಸಿ ನೋಡಿದರೆ ಒರಟು ಹಲಗೆಗಳನ್ನು ಜೋಡಿಸಿ ಅಡ್ಡ ಪಟ್ಟಿ ಹೊಡೆದಿದ್ದಾರೆ. ಮೇಲೆ ಹೇಳಿದೆನಲ್ಲ, ಐಕಾನ್ ಹಲಗೆಯ ಹಿಂದಿನ ಪಟ್ಟಿ, ಹಾಗೇ. ಐಕಾನ್ ಬರೆಯುವವನ ಕಣ್ಣಿಗೆ ಮಾತ್ರ ಕಾಣುವ ಹೋಲಿಕೆ ಇದು. ಉಳಿದವರಿಗೆ ಅದು ಸೌದೆ.

ಅವರು ಆ ಹಲಗೆಗಳನ್ನು ನುಣುಪು ಮಾಡಲು ಹೋಗಲಿಲ್ಲ. ಮರದ ಒರಟು, ಮೊಳೆಯ ತೂತು, ಕಬ್ಬಿಣದ ಕೊಂಡಿ, ಮಾಸಲು ಹಸಿರು ಬಣ್ಣದ ಗುರುತು ಎಲ್ಲ ಹಾಗೇ ಇರುತ್ತದೆ. ಅದರ ಮೇಲೆ ಶಾಂತವಾದ ಹಳೆಯ ಬೈಜಾಂಟಿಯನ್ ಮುಖ. ಎರಡು ಹಲಗೆಯ ನಡುವಿನ ಸಂದು ಕೆಲವು ಸಲ ಮೇರಿ ಮಾತೆಯ ಮುಖದ ಮೇಲೇ ಹಾದುಹೋಗುತ್ತದೆ.

ಚಿತ್ರ ಮಾರಿ ಬಂದ ಹಣ 'ಪಿರೊಹೊವ್ ಮೊದಲ ಸ್ವಯಂಸೇವಾ ಸಂಚಾರಿ ಆಸ್ಪತ್ರೆ'ಗೆ ಹೋಗುತ್ತಿತ್ತು. ಊರಿನ ಡಾಕ್ಟರುಗಳು, ನರ್ಸುಗಳು ತಮ್ಮ ಕೆಲಸ ಬಿಟ್ಟು ಸರದಿಯಂತೆ ಯುದ್ಧದ ಕಡೆ ಹೋಗಿ ಚಿಕಿತ್ಸೆ ಕೊಡುವ ವ್ಯವಸ್ಥೆ ಅದು. ಹೆಸರು 19ನೇ ಶತಮಾನದ ಯುದ್ಧರಂಗದ ಸರ್ಜನ್ ಪಿರೊಹೊವ್ ಅವರದು. ಚಿತ್ರಗಳು ಯುರೋಪಿನ ಹಲವು ಊರು ಸುತ್ತಿದವು. ಗುಂಡು ತಂದ ಪೆಟ್ಟಿಗೆಯೇ ಬ್ಯಾಂಡೇಜು, ಔಷಧಿ ತಂದಿತು.

ಇದರಲ್ಲಿ ನನಗೆ ಹಿಡಿಸುವ ವಿಷಯ ಒಂದಿದೆ. ಇವರು ಯುದ್ಧದ ಚಿತ್ರ ಬರೆಯಲಿಲ್ಲ. ಟ್ಯಾಂಕ್ ಇಲ್ಲ, ರಕ್ತ ಇಲ್ಲ, ಬಾವುಟ ಇಲ್ಲ. ಸಾವಿರ ವರ್ಷದ ಹಿಂದೆ ಬರೆದ ಅದೇ ಮೇರಿ, ಅದೇ ಯೇಸು, ಅದೇ ಸಂತ ನಿಕೊಲಾಯ್. ಬದಲಾದದ್ದು ಹಲಗೆ ಮಾತ್ರ. ಎಲ್ಲ ಮಾತನ್ನೂ ಹಲಗೆಯೇ ಆಡುತ್ತದೆ.

ಮೆಟ್ರೋದಲ್ಲಿ ಮಗುವಿಗೆ ಹಾಲೂಡಿಸುವ ಮೇರಿ ಮಾತೆಯ ಚಿತ್ರ ನೋಡಿದ್ದೆ. ಅದು ಯಾರದು?

ಮರೀನಾ ಸೊಲೊಮೆನ್ನಿಕೊವಾ ಅವರದು. ದ್ನಿಪ್ರೊ ಊರಿನ ಕಲಾವಿದೆ. 2022ರ ಫೆಬ್ರವರಿಯಲ್ಲಿ ಬಾಂಬಿಗೆ ಹೆದರಿ ಕೀವ್ ಜನ ಮೆಟ್ರೋ ಸ್ಟೇಷನ್‌ಗಳಲ್ಲಿ ಮಲಗುತ್ತಿದ್ದರು. ಅಲ್ಲಿ ಒಬ್ಬ ತಾಯಿ ಮಗುವಿಗೆ ಎದೆಹಾಲು ಕೊಡುತ್ತಿದ್ದ ಫೋಟೋವನ್ನು ಹಂಗೇರಿಯ ಪತ್ರಕರ್ತರೊಬ್ಬರು ತೆಗೆದರು. ಸೊಲೊಮೆನ್ನಿಕೊವಾ ಅದನ್ನು ನೋಡಿ ಆ ತಾಯಿಯನ್ನು ಮೇರಿಯ ಹಾಗೆ ಬರೆದರು. ತಲೆಗೆ ವಸ್ತ್ರ, ಹಿಂದೆ ಪ್ರಭಾವಳಿ, ಅದರ ಹಿಂದೆ ಕೀವ್ ಮೆಟ್ರೋದ ನಕ್ಷೆ. ಆ ಚಿತ್ರದ ಪ್ರತಿ ಇಟಲಿಯ ನೇಪಲ್ಸ್ ಬಳಿಯ ಮುನ್ಯಾನೊ ಊರಿನ ಚರ್ಚ್ ಸೇರಿತು. ಪೋಪ್ ಫ್ರಾನ್ಸಿಸ್ ಅದನ್ನು ಆಶೀರ್ವದಿಸಿದರು.

ಮಗುವಿಗೆ ಹಾಲೂಡಿಸುವ ಮೇರಿ ಹೊಸ ಕಲ್ಪನೆಯೇನಲ್ಲ, ಐಕಾನ್ ಪರಂಪರೆಯಲ್ಲಿ ಹಿಂದಿನಿಂದಲೂ ಇದೆ. ಕೊಸಾಕ್ ಕಾಲದ ಚಿತ್ರಕಾರ ತನ್ನ ನಾಯಕನನ್ನು ಸೆರಗಿನ ಕೆಳಗೆ ನಿಲ್ಲಿಸಿದ ಹಾಗೆ, ಈಕೆ ಮೆಟ್ರೋದ ತಾಯಿಯನ್ನು ಕರೆದು ಐಕಾನಿನೊಳಗೆ ಕೂರಿಸಿದರು.

ಕ್ಷಿಪಣಿ ಹಿಡಿದ ಮೇರಿಯ ಸ್ಟಿಕರ್ ಕೂಡ ಉಕ್ರೇನಿನ ಐಕಾನಾ?

ಅಲ್ಲ. 'ಸೇಂಟ್ ಜಾವೆಲಿನ್' ಎಂದು ಇಂಟರ್‌ನೆಟ್‌ನಲ್ಲಿ ಹರಿದಾಡಿದ ಆ ಚಿತ್ರದ ಮೂಲ ಅಮೆರಿಕದ ಕ್ರಿಸ್ ಶಾ ಬರೆದದ್ದು, ಕೈಯಲ್ಲಿ ಕಲಾಶ್ನಿಕೊವ್ ಬಂದೂಕು ಹಿಡಿದ ಮಡೋನಾ. ಯಾರೋ ಬಂದೂಕಿನ ಜಾಗದಲ್ಲಿ ಟ್ಯಾಂಕ್ ಒಡೆಯುವ ಜಾವೆಲಿನ್ ಕ್ಷಿಪಣಿ ಇಟ್ಟರು. ಕೆನಡಾದ ಕ್ರಿಸ್ಟಿಯನ್ ಬೋರಿಸ್ ಅದನ್ನು ಸ್ಟಿಕರ್ ಮಾಡಿ ಮಾರಿ ಉಕ್ರೇನಿಗೆ 10 ಲಕ್ಷ ಡಾಲರ್‌ಗೂ ಜಾಸ್ತಿ ಹಣ ಕೂಡಿಸಿದರು.

2022ರ ಮೇ ತಿಂಗಳಲ್ಲಿ ಕೀವ್‌ನ ಒಂದು ವಸತಿ ಕಟ್ಟಡದ ಗೋಡೆ ಮೇಲೆ ಅದರ ದೊಡ್ಡ ಚಿತ್ರವೇ ಬಂತು. ಆಗ ಗಲಾಟೆಯಾಯಿತು. ಉಕ್ರೇನಿನ ಧರ್ಮಸಭೆಗಳ ಒಕ್ಕೂಟ ಆಕ್ಷೇಪ ಎತ್ತಿತು. ಕೊನೆಗೆ ತಲೆಯ ಹಿಂದಿನ ಪ್ರಭಾವಳಿಗೆ ಬಣ್ಣ ಬಳಿದು ಮುಚ್ಚಿದರು. ಹೆಂಗಸೂ ಉಳಿದಳು, ಕ್ಷಿಪಣಿಯೂ ಉಳಿಯಿತು, ಹೋದದ್ದು ಆ ಒಂದು ವೃತ್ತ. ಯುದ್ಧದ ನಡುವೆಯೂ 'ಅದೊಂದು ಬೇಡ' ಅಂದ ಜನ ಇದ್ದರಲ್ಲ!

ನನಗೆ ಆ ಚಿತ್ರ ಹಿಡಿಸಲಿಲ್ಲ. ಹಣ ಒಳ್ಳೆಯ ಕೆಲಸಕ್ಕೆ ಹೋಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಲ ನೋಡಿ ನಕ್ಕರೆ ಮುಗಿಯಿತು, ಎರಡನೇ ಸಲ ನೋಡಲು ಅದರಲ್ಲಿ ಏನೂ ಇಲ್ಲ. ಪೆಟ್ಟಿಗೆ ಹಲಗೆಯ ಮೇರಿಯನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಮೇರಿಯ ಕೈಗೆ ಆಯುಧ ಕೊಟ್ಟರೆ ಪೋಸ್ಟರ್ ಆಗುತ್ತದೆ. ಆಯುಧದ ಪೆಟ್ಟಿಗೆಯನ್ನೇ ಮೇರಿಗೆ ಕೊಟ್ಟರೆ ಐಕಾನ್ ಆಗುತ್ತದೆ. ನನ್ನ ಲೆಕ್ಕ ಇಷ್ಟೇ. ಒಪ್ಪದಿದ್ದರೂ ಜಗಳವಿಲ್ಲ.

ಯುದ್ಧದಿಂದ ಹಳೆಯ ಐಕಾನ್‌ಗಳಿಗೆ ಏನಾಯಿತು?

ಹಲವನ್ನು ಬಚ್ಚಿಟ್ಟರು. ಲ್ವಿವ್ ಮ್ಯೂಸಿಯಂನ ಹೆಮ್ಮೆ ಬೊಹೊರೊದ್ಚಾನಿ ಐಕಾನೊಸ್ಟಾಸಿಸ್. ಚರ್ಚಿನಲ್ಲಿ ಬಲಿಪೀಠಕ್ಕೆ ಅಡ್ಡಲಾಗಿ ನಿಲ್ಲುವ ಐಕಾನ್‌ಗಳ ಗೋಡೆ ಅದು. ಯೋವ್ ಕೊಂದ್ಜೆಲೆವಿಚ್ 1698ರಿಂದ 1705ರ ನಡುವೆ ಬರೆದದ್ದು. 2022ರ ಮಾರ್ಚ್‌ನಲ್ಲಿ ಅದನ್ನು ತುಂಡು ತುಂಡಾಗಿ ಬಿಚ್ಚಿ ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಮನೆ ಸಾಮಾನು ಸಾಗಿಸುವ ಹಾಗೆ ಮ್ಯೂಸಿಯಂ ಸಿಬ್ಬಂದಿ ದೊಡ್ಡ ಚಿತ್ರವೊಂದನ್ನು ಇಬ್ಬರು ಹಿಡಿದು ಹೊರುತ್ತಿದ್ದ ಫೋಟೋ ಜಗತ್ತೆಲ್ಲ ಓಡಾಡಿತು.

ಕೀವ್‌ನ ಖಾನೆಂಕೊ ಮ್ಯೂಸಿಯಂನಲ್ಲಿ 6–7ನೇ ಶತಮಾನದ ನಾಲ್ಕು ಐಕಾನ್‌ಗಳಿವೆ. ಮೂಲದಲ್ಲಿ ಸಿನಾಯ್ ಬೆಟ್ಟದ ಮಠದವು, ಬಿಸಿ ಮೇಣದಲ್ಲಿ ಬಣ್ಣ ಕಲಸಿ ಬರೆದವು. ಅಷ್ಟು ಹಳೆಯ ಐಕಾನ್‌ಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. 2022ರ ಅಕ್ಟೋಬರ್ 10ರಂದು ಹತ್ತಿರದಲ್ಲೇ ಕ್ಷಿಪಣಿ ಬಿದ್ದು ಮ್ಯೂಸಿಯಂನ ಕಿಟಕಿಗಳು ಪುಡಿಯಾದವು. 2023ರಲ್ಲಿ ಗುಟ್ಟಾಗಿ ಅವನ್ನು ಪ್ಯಾರಿಸ್‌ನ ಲೂವ್ರ್‌ಗೆ ಸಾಗಿಸಿದರು. ಅಲ್ಲಿ ಪ್ರದರ್ಶನಕ್ಕೂ ಇಟ್ಟರು.

ಆದರೆ ಗೋಡೆಗೇ ಅಂಟಿದ ಮೊಸಾಯಿಕನ್ನು ಎಲ್ಲಿಗೆ ಸಾಗಿಸುವುದು? ಸಂತ ಸೋಫಿಯಾ ಕೆಥೆಡ್ರಲನ್ನು ಯುನೆಸ್ಕೊ 2023ರಲ್ಲಿ 'ಅಪಾಯದಲ್ಲಿರುವ' ಪಟ್ಟಿಗೆ ಸೇರಿಸಿತು. 2025ರ ಜೂನ್‌ನಲ್ಲಿ ಸ್ಫೋಟದ ಅಲೆ ಬಡಿದು ಕಟ್ಟಡದ ಹೊರ ಅಂಚಿನ ತುಂಡು ಬಿತ್ತು. ಅದು ಬಿದ್ದದ್ದು ಒರಾಂತಾ ನಿಂತಿರುವ ಅದೇ ಅರ್ಧ ಗುಮ್ಮಟದ ಕಡೆಯಿಂದ. ಒಳಗೆ ಆಕೆ ಹಾಗೇ ಕೈ ಎತ್ತಿಕೊಂಡು ನಿಂತಿದ್ದಾಳೆ.

ಕಲಾವಿದರ ಕೈ ಬದಲಾಯಿತಾ?

ಕೆಲವರದು ಬದಲಾಯಿತು. ಮೊವ್ಚಾನ್ ಮೊಟ್ಟೆಯ ಬಣ್ಣದ ಐಕಾನ್‌ಗಳ ಜೊತೆಗೆ ಜಲವರ್ಣ ಹಿಡಿದರು. ಹಲಗೆ ಸಿದ್ಧ ಮಾಡಿ ಲೇಪ ಒಣಗುವ ತನಕ ಕಾಯಲು ವಾರಗಟ್ಟಲೆ ಬೇಕು. ಯುದ್ಧದ ದಿನಗಳು ಅಷ್ಟು ಕಾಯುವುದಿಲ್ಲ. ಕಾಗದ, ನೀರು, ಒಂದು ಕುಂಚ ಇದ್ದರೆ ಇವತ್ತಿನದನ್ನು ಇವತ್ತೇ ಬರೆಯಬಹುದು.

ಇವಾಂಕಾ ಕ್ರಿಪ್ಯಾಕೆವಿಚ್-ಡಿಮಿದ್ ದಶಕಗಳಿಂದ ಐಕಾನ್ ಬರೆಯುತ್ತ ಬಂದವರು. ಮಗುವನ್ನು ತೊಡೆಯಲ್ಲಿಟ್ಟುಕೊಂಡ ಮೇರಿ, ಶಿಲುಬೆಯ ಕೆಳಗೆ ನಿಂತ ಮೇರಿ, ಎರಡೂ ಅವರ ಕೈಯಿಂದ ಎಷ್ಟು ಸಲ ಬಂದಿರಬೇಕು! 2022ರ ಜೂನ್‌ನಲ್ಲಿ ಅವರ ಮಗ ಯುದ್ಧದಲ್ಲಿ ಸತ್ತ. ಲ್ವಿವ್‌ನಲ್ಲಿ ಅಂತ್ಯಸಂಸ್ಕಾರ ನಡೆದಾಗ ಅವರು ಶವಪೆಟ್ಟಿಗೆಯ ಮುಂದೆ ನಿಂತು ಲಾಲಿ ಹಾಡಿದರು. ಇದರ ಮೇಲೆ ನಾನು ಏನೂ ಸೇರಿಸುವುದಿಲ್ಲ.

ನಂಬಿಕೆ ಇಲ್ಲದವರು ಇವನ್ನು ನೋಡಿ ಏನು ಮಾಡಬೇಕು?

ಸುಮ್ನೆ ನೋಡಿ. ಗೆರೆ ನೋಡಿ, ಖಾಲಿ ಬಿಟ್ಟ ಜಾಗ ನೋಡಿ. ತ್ಯಾಗರಾಜರ ಕೃತಿ ಕೇಳಲು ರಾಮಭಕ್ತನೇ ಆಗಬೇಕಾ?

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ಒಂದು ಸಣ್ಣ ಎಳೆ ಇದೆ. ಕೀವ್ ಸೀಮೆಯಲ್ಲಿ ಪಾರ್ಖೊಮಿವ್ಕಾ ಎಂಬ ಹಳ್ಳಿ. ಅಲ್ಲಿ 20ನೇ ಶತಮಾನದ ಶುರುವಿನಲ್ಲಿ ಕಟ್ಟಿದ ಪೊಕ್ರೋವಾ ಚರ್ಚ್ ಇದೆ. ಅದರ ಹೊರಗಿನ ಮೊಸಾಯಿಕ್‌ಗಳ ವಿನ್ಯಾಸ ಮಾಡಿದ್ದು ನಿಕೊಲಾಯ್ ರೋರಿಕ್. ಮುಂದೆ ಹಿಮಾಲಯಕ್ಕೆ ಬಂದು ನೆಲೆಸಿದರಲ್ಲ, ಅದೇ ರೋರಿಕ್. ಅವರ ಮಗ ಸ್ವೆತೊಸ್ಲಾವ್ ರೋರಿಕ್ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿದರು. ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ ಮಗ ಇಬ್ಬರ ಚಿತ್ರಗಳೂ ಇವೆ. ಚಪ್ಪಟೆ ಬಣ್ಣ, ದಪ್ಪ ಹೊರಗೆರೆ, ಒಳಗಿಂದ ಬೆಳಗುವ ಬೆಟ್ಟಗಳು. ಅಪ್ಪನ ಹಿಮಾಲಯದ ಚಿತ್ರಗಳ ಮುಂದೆ ನಿಂತಾಗ ಆತ ಐಕಾನ್ ನೋಡಿ ಬೆಳೆದವನು ಎಂಬುದನ್ನು ನೆನಪಿಸಿಕೊಳ್ಳಿ.

ಇವನ್ನು ಎಲ್ಲಿ ನೋಡಬಹುದು?

ಸದ್ಯಕ್ಕೆ ಕಂಪ್ಯೂಟರಿನಲ್ಲೇ. ಐಕಾನಾರ್ಟ್ ಗ್ಯಾಲರಿ ತನ್ನ ಕಲಾವಿದರ ಕೃತಿಗಳನ್ನು ಆನ್‌ಲೈನ್‌ನಲ್ಲಿ ಹಾಕುತ್ತದೆ. ಮೇಲೆ ಕೊಟ್ಟ ಹೆಸರುಗಳನ್ನು ಒಂದೊಂದಾಗಿ ಹುಡುಕಿದರೂ ಸಾಕು, ಒಂದು ಸಂಜೆ ಕಳೆಯುವಷ್ಟು ಸಿಗುತ್ತವೆ. ಪೋಲೆಂಡಿನ ನೋವಿಟ್ಸಾ ಹಳ್ಳಿಯಲ್ಲಿ 2009ರಿಂದ ಉಕ್ರೇನ್ ಮತ್ತು ಪೋಲೆಂಡಿನ ಐಕಾನ್ ಕಲಾವಿದರು ಸೇರಿ ಶಿಬಿರ ಮಾಡುತ್ತ ಬಂದಿದ್ದಾರೆ. ಅದರ ಚಿತ್ರಗಳನ್ನೂ ಹುಡುಕಿ. ಫೋನಿಗಿಂತ ದೊಡ್ಡ ಪರದೆ ಒಳ್ಳೆಯದು. ಬಂಗಾರ ಮಾತ್ರ ಯಾವ ಪರದೆಯಲ್ಲೂ ಸರಿಯಾಗಿ ಕಾಣುವುದಿಲ್ಲ. ದೀಪ ಅಲುಗಿದ ಹಾಗೆ ಅದೂ ಅಲುಗಬೇಕು.

ಉಕ್ರೇನಿನವರ ಮನೆಯಲ್ಲಿ ಐಕಾನ್ ಎಲ್ಲಿ ಇಡುತ್ತಾರೆ?

ಹಳ್ಳಿ ಮನೆಯಲ್ಲಿ ಒಲೆಗೆ ಎದುರಿನ ಮೂಲೆಯಲ್ಲಿ. ಆ ಮೂಲೆಗೆ 'ಪೋಕುತ್' ಎನ್ನುತ್ತಾರೆ. ಐಕಾನ್ ಮೇಲೆ ಕಸೂತಿ ಹಾಕಿದ ಉದ್ದನೆಯ ಟವೆಲ್ ಇಳಿಬಿಡುತ್ತಾರೆ, ಅದು 'ರುಶ್ನಿಕ್'. ಮನೆಗೆ ಬಂದ ದೊಡ್ಡವರನ್ನು ಕೂರಿಸುವುದು ಅದರ ಕೆಳಗೆ. ಮಕ್ಕಳ ಮದುವೆಯಲ್ಲಿ ಅಪ್ಪ ಅಮ್ಮ ಆಶೀರ್ವಾದ ಮಾಡುವುದೂ ಐಕಾನ್ ಹಿಡಿದೇ, ಯೇಸುವಿನದೊಂದು, ಮೇರಿಯದೊಂದು. ಊರು ಬಿಟ್ಟು ಓಡಬೇಕಾಗಿ ಬಂದಾಗ ಎಷ್ಟೋ ಮುದುಕಿಯರು ಗೋಡೆಯಿಂದ ಇಳಿಸಿ, ಅದೇ ಟವೆಲ್‌ನಲ್ಲಿ ಸುತ್ತಿ ಎತ್ತಿಕೊಂಡದ್ದು ಆ ಹಲಗೆಯನ್ನೇ.